ಲೆಕ್ಕ ಉಳಿದದ್ದು ಆಚೆ ಕಡೆ

ಹೆಲಿಕಾಪ್ಟರಿನ ಸದ್ದು ಕೇಳಿದರೆ ಸಾಕು, ಗೂಳೂರಿನ ನಮ್ಮ ಮನೆಯಲ್ಲಿ ಅಮ್ಮ ಅಂಗಳಕ್ಕೆ ಬಂದು ತಲೆಯೆತ್ತುತ್ತಾಳೆ. ‘ಗುಬ್ಬಿ ಫ್ಯಾಕ್ಟರೀದಿರಬೇಕು ಕಣೋ’ ಎನ್ನುವುದು ಅವಳ ಖಾಯಂ ತೀರ್ಮಾನ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲು ಆಕಾಶ ಎಂದರೆ ನಮಗೆ ಮಳೆ ಬಂದೀತೋ ಇಲ್ಲವೋ ಎಂದು ನೋಡುವ ಜಾಗವಾಗಿತ್ತು, ಅಷ್ಟೇ.

ನನ್ನ ಸಂಶೋಧನೆ ಯುದ್ಧಕಾಲದ ದಾಖಲೆಗಳ ಬಗ್ಗೆ. ಯಾರು ಬರೆದಿಟ್ಟರು, ಯಾಕೆ ಬರೆದಿಟ್ಟರು, ಎಷ್ಟು ನಂಬಬಹುದು ಎನ್ನುವುದು ನನ್ನ ಪ್ರಶ್ನೆ. ಓದು ಶುರುವಾದದ್ದು ಜರ್ಮನಿಯ ಹೈನ್ಸ್ ವುಲ್ಫ್‌ಗಾಂಗ್ ಶ್ನೌಫರ್ ಎಂಬ ಪೈಲಟ್‌ನಿಂದ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರುಗಳು ಜರ್ಮನಿಯ ಊರುಗಳ ಮೇಲೆ ದಾಳಿ ಮಾಡುತ್ತಿದ್ದದ್ದು ಹೆಚ್ಚಾಗಿ ರಾತ್ರಿ ಹೊತ್ತು. ಕತ್ತಲಲ್ಲಿ ರೇಡಾರಿನ ನೆರವಿನಿಂದ ಅವುಗಳನ್ನು ಹುಡುಕಿ ಹೊಡೆಯುವುದು ಶ್ನೌಫರ್‌ನ ಕೆಲಸ. ಅವನ ಹೆಸರಿನಲ್ಲಿರುವ ಗೆಲುವುಗಳು 121. ರಾತ್ರಿ ಪೈಲಟ್‌ಗಳಲ್ಲಿ ಇಷ್ಟು ಲೆಕ್ಕ ಬೇರೆ ಯಾರಿಗೂ ಇಲ್ಲ. ಯುದ್ಧದಲ್ಲಿ ಬದುಕುಳಿದವನು 1950ರಲ್ಲಿ ಫ್ರಾನ್ಸಿನ ರಸ್ತೆಯಲ್ಲಿ ನಡೆದ ಅಪಘಾತದಿಂದ ತೀರಿಕೊಂಡ. ಆಗ ಅವನಿಗೆ 28, ಹೆಚ್ಚು ಕಡಿಮೆ ನನ್ನದೇ ವಯಸ್ಸು.

ಅವನ ವಿಮಾನದ ಬಾಲಕ್ಕೆ ಎರಡು ನೆಟ್ಟನೆಯ ರೆಕ್ಕೆಗಳಿದ್ದವು. ಅವುಗಳ ಮೇಲೆ ಗೆಲುವಿನ ಗುರುತುಗಳನ್ನು ಬರೆಯಲಾಗಿತ್ತು. ಒಂದು ಇಂದು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಬಳಿ ಇದೆ, ಇನ್ನೊಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿದೆ. ಅಂದರೆ ಅವನ ಲೆಕ್ಕವನ್ನು ಕಾಪಿಟ್ಟವರು ಅವನ ಶತ್ರುಗಳೇ. ಒಂದೊಂದು ಲ್ಯಾಂಕಾಸ್ಟರ್ ಬಾಂಬರಿನಲ್ಲೂ ಏಳು ಜನ ಇರುತ್ತಿದ್ದರು ಎಂಬುದನ್ನು ನೆನೆದರೆ, ಅವರು ಕಾಪಿಟ್ಟದ್ದು ತಮ್ಮದೇ ಸಾವಿನ ಲೆಕ್ಕವನ್ನು ಎಂದು ಗೊತ್ತಾಗುತ್ತದೆ. ಶ್ನೌಫರ್ ಹೋರಾಡಿದ್ದು ಹಿಟ್ಲರನ ಆಡಳಿತದ ಪರವಾಗಿ ಎಂಬುದನ್ನೂ ಆ 121 ಎಂಬ ಅಂಕಿ ಹೇಳುವುದಿಲ್ಲ.

ನಾನೊಂದು ಪಟ್ಟಿ ಮಾಡಿಕೊಂಡಿದ್ದೆ: ಹೆಸರು, ಯುದ್ಧ, ಗೆಲುವು, ಸಾಕ್ಷಿ. ಅದನ್ನು ನೋಡಿದ ಕೊಡಗಿನ ಗೆಳೆಯನೊಬ್ಬ, ‘ಇದರಲ್ಲಿ ನಮ್ಮ ದೇವಯ್ಯ ಎಲ್ಲಿ ಮಾರಾಯ?’ ಎಂದು ಕೇಳಿದ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ ಎಂಬುದಷ್ಟೇ ನನಗೆ ಗೊತ್ತಿತ್ತು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಹುಟ್ಟಿದ್ದು 1932ರಲ್ಲಿ. 1954ರಲ್ಲಿ ಭಾರತೀಯ ವಾಯುಪಡೆ ಸೇರಿದರು. 1965ರ ಯುದ್ಧ ಬಂದಾಗ ಅವರು ಹೊಸಬರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಮೇಷ್ಟರು. ಯುದ್ಧಕ್ಕೆಂದು ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್ನಿಗೆ ಹಾಕಲಾಯಿತು. ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿದವು. ಮರುದಿನ ಬೆಳಗಿನ ಜಾವ, ಪಾಕಿಸ್ತಾನದ ಮುಖ್ಯ ನೆಲೆಯಾದ ಸರ್ಗೋಧಾದ ಮೇಲೆ ದಾಳಿಗೆ ಆದಂಪುರದಿಂದ 12 ಮಿಸ್ಟೇರ್ ವಿಮಾನಗಳು ಹೊರಡಬೇಕಿತ್ತು. ಯಾವುದಾದರೂ ಕೈಕೊಟ್ಟರೆ ಇರಲಿ ಎಂದು ಇನ್ನೆರಡನ್ನು ಸಿದ್ಧವಾಗಿಟ್ಟಿದ್ದರು. ದೇವಯ್ಯ ಆ ಕಾಯ್ದಿರಿಸಿದವರಲ್ಲಿ ಒಬ್ಬರು. ಆದರೂ ಅವರು ಹಾರಿದರು, ದಾಳಿಯ ತಂಡವನ್ನು ಸೇರಿಕೊಂಡರು. ಮರಳಿ ಬರಲಿಲ್ಲ.

ವಾಯುಪಡೆ ಅವರನ್ನು ಮೊದಲು ‘ಕಾಣೆಯಾಗಿದ್ದಾರೆ’ ಎಂದು ಬರೆದುಕೊಂಡಿತು, ಆಮೇಲೆ ಮೃತರೆಂದು ಘೋಷಿಸಿತು. ನಡೆದದ್ದೇನು ಎಂಬುದು ಈ ಕಡೆಯ ಯಾವ ಕಡತದಲ್ಲೂ ಇರಲಿಲ್ಲ.

ಅದು ಹೊರಬಂದದ್ದು 14 ವರ್ಷಗಳ ಮೇಲೆ, ಆಚೆ ಕಡೆಯಿಂದ. 1965ರ ಆಕಾಶ ಯುದ್ಧದ ಬಗ್ಗೆ ಇಂಗ್ಲೆಂಡಿನ ಜಾನ್ ಫ್ರಿಕರ್ ಎಂಬ ಲೇಖಕ 1979ರಲ್ಲಿ ಪುಸ್ತಕ ಪ್ರಕಟಿಸಿದ. ಬರೆಯಿಸಿದ್ದು ಪಾಕಿಸ್ತಾನದ ವಾಯುಪಡೆ. ಸರ್ಗೋಧಾದ ಕಡೆಯಿಂದ ಬಂದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಎಫ್-104 ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ವಿಮಾನವನ್ನು ಹೊಡೆದಿತ್ತು. ಏಟು ತಿಂದ ಮಿಸ್ಟೇರ್ ಓಡಿಹೋಗದೆ ತಿರುಗಿ ನಿಂತು ಸ್ಟಾರ್‌ಫೈಟರನ್ನೇ ಉರುಳಿಸಿತ್ತು. ಅಮ್ಜದ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿಕೊಂಡಿದ್ದರು.

ಸ್ಟಾರ್‌ಫೈಟರ್ ಶಬ್ದದ ವೇಗಕ್ಕೆ ಎರಡರಷ್ಟು ವೇಗದಲ್ಲಿ ಹೋಗಬಲ್ಲದು. ಮಿಸ್ಟೇರ್ ಗಂಟೆಗೆ ಸುಮಾರು 1,100 ಕಿಲೋಮೀಟರಿನ ಹಳೆಯ ವಿಮಾನ. ಆದರೆ ಸ್ಟಾರ್‌ಫೈಟರಿನ ರೆಕ್ಕೆಗಳು ಬಲು ಗಿಡ್ಡ. ನೇರ ಓಟದಲ್ಲಿ ಅದನ್ನು ಹಿಡಿಯಲಾಗದು, ಚಿಕ್ಕ ತಿರುವುಗಳಲ್ಲಿ ಮಾತ್ರ ತಡವರಿಸುತ್ತದೆ. ನೆಲದ ಹತ್ತಿರ, ಗಿರಗಿರನೆ ತಿರುಗುವ ಕಾದಾಟದಲ್ಲಿ ನಿಧಾನದ ವಿಮಾನಕ್ಕೂ ಒಂದು ಅವಕಾಶ ಸಿಗುತ್ತದೆ. ಆ ಅವಕಾಶಕ್ಕೆ ಬೆಲೆಯೂ ಇತ್ತು. ಅಷ್ಟು ದೂರ ಹೋದ ಮಿಸ್ಟೇರಿನಲ್ಲಿ ಕಾದಾಡಿ ಮತ್ತೆ ಮನೆ ಸೇರುವಷ್ಟು ಇಂಧನ ಉಳಿಯುವಂತಿರಲಿಲ್ಲ.

ಆ ಮಿಸ್ಟೇರಿನಲ್ಲಿದ್ದವರು ಯಾರು? ಅಂದು ತಂಡದ ಮುಖ್ಯಸ್ಥರಾಗಿದ್ದ ಓ. ಪಿ. ತನೇಜಾ ಈ ವಿವರವನ್ನು ತಮ್ಮವರ ಲೆಕ್ಕದೊಂದಿಗೆ ಹೋಲಿಸಿದರು. ದೇವಯ್ಯನವರ ಹೊರತು ಬೇರೆ ಹೆಸರು ಹೊಂದಲಿಲ್ಲ. 1988ರಲ್ಲಿ, ಕಾದಾಟ ನಡೆದ 23 ವರ್ಷಗಳ ಮೇಲೆ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. 2025ರ ಜನವರಿಯಲ್ಲಿ ಬಂದ ‘ಸ್ಕೈ ಫೋರ್ಸ್’ ಹಿಂದಿ ಸಿನಿಮಾಕ್ಕೂ ಇದೇ ಕತೆ ಮೂಲ, ಅದರಲ್ಲಿ ಹೆಸರು ಮಾತ್ರ ಬೇರೆ.

ಇದನ್ನೆಲ್ಲ ಓದಿದ ರಾತ್ರಿ ನನಗೆ ಬೆವರಿತು. ನಾನು ಇದೇ ಪಟ್ಟಿಯನ್ನು 1978ರಲ್ಲಿ ಮಾಡಿದ್ದರೆ? ಇಲ್ಲಿಯ ಕಡತಗಳನ್ನೆಲ್ಲ ಶ್ರದ್ಧೆಯಿಂದ ಓದಿ, ದೇವಯ್ಯನವರ ಮುಂದೆ ಗೆಲುವು 0, ಸಾಕ್ಷಿ ಇಲ್ಲ ಎಂದು ಬರೆಯುತ್ತಿದ್ದೆ. ಅಡಿಟಿಪ್ಪಣಿಯೂ ಸರಿಯಾಗಿರುತ್ತಿತ್ತು. ಗೈಡ್ ಒಪ್ಪಿ ಸಹಿ ಹಾಕುತ್ತಿದ್ದರು. ಬರೆದದ್ದು ಮಾತ್ರ ಸುಳ್ಳಾಗಿರುತ್ತಿತ್ತು. ನಾವು ‘ಸಾಕ್ಷಿ ಇಲ್ಲ’ ಎನ್ನುವ ಎಷ್ಟೋ ಕಡೆ ‘ನಮ್ಮ ಬಳಿ ಸಾಕ್ಷಿ ಇಲ್ಲ’ ಎನ್ನಬೇಕಾಗುತ್ತದೆ. ಆ ಎರಡು ಪದ ಬಿಟ್ಟರೆ ಒಬ್ಬ ಮನುಷ್ಯನ ಕೊನೆಯ ಬೆಳಗೇ ಅಳಿಸಿಹೋಗುತ್ತದೆ.

ಗಡಿ ದಾಟಿ ಬಂದ ಸಾಕ್ಷಿಯನ್ನು ಅನುಮಾನದಿಂದ ನೋಡುವುದು ನಮಗೆ ಅಭ್ಯಾಸ, ಅದರಲ್ಲೂ ಯುದ್ಧದ ಮಾತು ಬಂದಾಗ. ಆದರೆ ತನ್ನ ಕಡೆಯ ಸೋಲನ್ನು ಒಪ್ಪಿಕೊಳ್ಳುವ ಬರಹಕ್ಕೆ ಸುಳ್ಳು ಹೇಳುವ ಕಾರಣ ಕಡಿಮೆ. ಬ್ರಿಟಿಷರು ಕಾಪಿಟ್ಟ ಶ್ನೌಫರ್‌ನ ರೆಕ್ಕೆ, ಪಾಕಿಸ್ತಾನದವರು ಬರೆಸಿದ ಪುಸ್ತಕದ ಆ ಭಾಗ, ಎರಡಕ್ಕೂ ತೂಕ ಬಂದದ್ದು ಹೀಗೆ.

ನನ್ನ ಪಟ್ಟಿಯಲ್ಲೀಗ ದೇವಯ್ಯನವರ ಸಾಲು ಇದೆ. ಗೆಲುವು 1. ಸಾಕ್ಷಿ ಎಂಬ ಕಡೆ ‘ಎದುರಾಳಿ’ ಎಂದು ಬರೆದಿದ್ದೇನೆ. ಅದರ ಕೆಳಗೆ ಇನ್ನೊಂದು ಮಾತು ಸೇರಿಸಿದೆ. ದೇವಯ್ಯನವರ ದೇಹ ಸರ್ಗೋಧಾದಿಂದ ಹೆಚ್ಚು ದೂರವಲ್ಲದ ಕಡೆ ಹಳ್ಳಿಯವರಿಗೆ ಸಿಕ್ಕಿತು, ಅವರೇ ಅದನ್ನು ಮಣ್ಣು ಮಾಡಿದರು ಎಂದು ಪಾಕಿಸ್ತಾನ ಆಮೇಲೆ ತಿಳಿಸಿತು. ಇಲ್ಲಿ ‘ಕಾಣೆಯಾಗಿದ್ದಾರೆ’ ಎಂದು ಬರೆದುಕೊಂಡಿದ್ದವರು ಆ ಹಳ್ಳಿಯವರಿಗೆ ಸಿಕ್ಕಿದ್ದರು. ಅವರಿಗೆ ಹೆಸರೊಂದು ಗೊತ್ತಿರಲಿಲ್ಲ, ಅಷ್ಟೇ.