ಸಿಲಬಸ್ಸಿನಲ್ಲಿ ಸಿಗುವ ಬೆಂಗಳೂರು

ಆಫೀಸು ಮುಗಿಸಿ ರಾತ್ರಿ ಆನ್‌ಲೈನ್‌ನಲ್ಲಿ ಎಂ.ಎ. ಟೀಸಾಲ್ ಓದುವವರು ಈಗ ನಮ್ಮ ನಡುವೆಯೇ ಇದ್ದಾರೆ. ಇಂಗ್ಲಿಷ್ ಮನೆಮಾತಲ್ಲದವರಿಗೆ ಇಂಗ್ಲಿಷ್ ಕಲಿಸೋದು ಹೇಗೆ ಅನ್ನುವ ಪದವಿ ಅದು. ಫೀಸು ಹೋಗೋದು ವಿದೇಶಿ ಯೂನಿವರ್ಸಿಟಿಗೆ. ಆದರೆ ಟಾಸ್ಕ್ ಆಧಾರಿತ ಕಲಿಕೆಯ ಪಾಠ ಬಂತೆಂದರೆ ಎದುರಾಗೋದು ‘ಬೆಂಗಳೂರು ಪ್ರಾಜೆಕ್ಟ್’.

1979ರ ಮಾತು. ವಾಕ್ಯದ ಮಾದರಿಗಳನ್ನು ಒಂದೊಂದಾಗಿ ಹೇಳಿಸಿ ಹೇಳಿಸಿ ಗಟ್ಟಿ ಮಾಡಿಸೋದೇ ಆಗ ಶಾಲೆಗಳಲ್ಲಿ ಇಂಗ್ಲಿಷ್ ಪಾಠ. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್. ಎಸ್. ಪ್ರಭು ಅವರ ನಂಬಿಕೆ ಬೇರೆ: ಗಮನವೆಲ್ಲ ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ತಲೆಗೆ ಹತ್ತುತ್ತೆ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ, 1984ರವರೆಗೆ ದಕ್ಷಿಣ ಭಾರತದ ಸಾಧಾರಣ ಶಾಲೆಗಳಲ್ಲಿ ಇದನ್ನು ಮಾಡಿ ನೋಡಿದರು. ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಕೊಟ್ಟು ಒಂದು ಲೆಕ್ಕ ಒಡ್ಡೋದು. ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಒಂದನ್ನು ಬಿಡಿಸ್ತಾರೆ. ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ನೋಡೋದು ಉತ್ತರ ಸರಿಯಿದೆಯಾ ಅಂತ, ವ್ಯಾಕರಣ ಅಲ್ಲ.

ಇದು ಎಷ್ಟು ಫಲಿಸಿತು ಅನ್ನೋ ಬಗ್ಗೆ ವಿದ್ವಾಂಸರು ಸಾಕಷ್ಟು ಜಗಳಾಡಿದ್ದಾರೆ. ಪ್ರಭು ಕೂಡ ತಮ್ಮದೇ ಸರಿ ಅಂತ ಕೂರಲಿಲ್ಲ. 1990ರ ಲೇಖನವೊಂದರಲ್ಲಿ, ಎಲ್ಲೆಡೆ ಸಲ್ಲುವ ‘ಅತ್ಯುತ್ತಮ ವಿಧಾನ’ ಅನ್ನೋದೇ ಇಲ್ಲ ಅಂತ ವಾದಿಸಿದರು. ತಾನು ಮಾಡ್ತಿರೋದು ಯಾಕೆ ಕೆಲಸ ಮಾಡುತ್ತೆ ಅನ್ನೋ ಅರಿವು ಮೇಷ್ಟ್ರಲ್ಲಿ ಜೀವಂತ ಇರಬೇಕು ಅನ್ನೋದು ಅವರ ನಿಲುವು.

ಆ ಅರಿವು ಲ್ಯಾಪ್‌ಟಾಪ್ ಮುಂದೆ ಕೂತರಷ್ಟೇ ಬರಲ್ಲ. ಹಾಗಾಗಿ ಲಕ್ಷಗಟ್ಟಲೆ ಫೀಸು ಕಟ್ಟೋ ಮುಂಚೆ ಒಂದು ಮಾತು ಕೇಳಿ: ಈ ಕೋರ್ಸಿನಲ್ಲಿ ನಿಜವಾದ ಕ್ಲಾಸಿನ ಮುಂದೆ ನಿಂತು ಪಾಠ ಮಾಡೋದು ಎಷ್ಟು ಗಂಟೆ?