ಹೆರೋಕು

ಹೆರೋಕು ವೆಬ್ ಅಪ್ಲಿಕೇಶನ್‌ಗಳನ್ನು ಅಂತರಜಾಲದಲ್ಲಿ ನಿಯೋಜಿಸಿ ನಡೆಸಲು ಬಳಸುವ ಒಂದು ಕ್ಲೌಡ್ ಹೋಸ್ಟಿಂಗ್ ವೇದಿಕೆ. 2007ರಲ್ಲಿ ಆರಂಭವಾದ ಇದು ಈ ಬಗೆಯ ಮೊದಲ ವೇದಿಕೆಗಳಲ್ಲಿ ಒಂದಾಗಿದ್ದು, ಅಮೆರಿಕದ ಸೇಲ್ಸ್‌ಫೋರ್ಸ್ ಸಂಸ್ಥೆಯ ಒಡೆತನದಲ್ಲಿದೆ. ಸರ್ವರ್‌ಗಳ ನಿರ್ವಹಣೆಯನ್ನು ವೇದಿಕೆಯೇ ವಹಿಸಿಕೊಳ್ಳುವುದು ಇದರ ಮುಖ್ಯ ಲಕ್ಷಣ. ಈ ಅನುಕೂಲವನ್ನು ಪಡೆಯುವ ಅಭಿವರ್ಧಕರು ವೇದಿಕೆಯ ನಿಯಮ ಹಾಗೂ ದರಗಳಿಗೆ ಒಳಪಡಬೇಕಾಗುತ್ತದೆ.

ಇತಿಹಾಸ

ಜೇಮ್ಸ್ ಲಿಂಡೆನ್‌ಬಾಮ್, ಆಡಂ ವಿಗಿನ್ಸ್ ಮತ್ತು ಓರಿಯನ್ ಹೆನ್ರಿ ಇದರ ಸ್ಥಾಪಕರು. ಮೊದಲಿಗೆ ರೂಬಿ ಭಾಷೆಯ ಅಪ್ಲಿಕೇಶನ್‌ಗಳಿಗೆ ಮಾತ್ರ ಅವಕಾಶವಿತ್ತು. 2010ರ ಡಿಸೆಂಬರ್‌ನಲ್ಲಿ ಸೇಲ್ಸ್‌ಫೋರ್ಸ್ ಇದನ್ನು 21.2 ಕೋಟಿ ಡಾಲರ್‌ಗಳಿಗೆ ಖರೀದಿಸುವುದಾಗಿ ಪ್ರಕಟಿಸಿತು. 2011ರಲ್ಲಿ ರೂಬಿಯ ನಿರ್ಮಾತೃ ಯುಕಿಹಿರೊ ಮಾಟ್ಸುಮೊಟೊ ಸಂಸ್ಥೆಯನ್ನು ಸೇರಿದರು. ಅದೇ ವರ್ಷದಿಂದ ನೋಡ್.ಜೆಎಸ್, ಜಾವಾ, ಪೈಥಾನ್ ಮೊದಲಾದವುಗಳಿಗೂ ಬೆಂಬಲ ದೊರೆಯಿತು.

ಕಾರ್ಯವಿಧಾನ

ಹೆರೋಕು ಅಮೆಜಾನ್ ವೆಬ್ ಸರ್ವೀಸಸ್‌ನ ಸರ್ವರ್‌ಗಳ ಮೇಲೆ ನೆಲೆಗೊಂಡಿದೆ. ಅಮೆಜಾನ್‌ನಿಂದ ನೇರವಾಗಿ ಸರ್ವರ್ ಬಾಡಿಗೆಗೆ ಪಡೆದವರು ಕಾರ್ಯಾಚರಣ ವ್ಯವಸ್ಥೆಯ ಪರಿಷ್ಕರಣೆ, ಸುರಕ್ಷತೆ ಮುಂತಾದವನ್ನು ತಾವೇ ನೋಡಿಕೊಳ್ಳಬೇಕು. ಹೆರೋಕುವಿನಲ್ಲಿ ಅಭಿವರ್ಧಕರು ಗಿಟ್ ಮೂಲಕ ಕೋಡನ್ನು ಕಳುಹಿಸಿದರೆ ಸಾಕು. ‘ಬಿಲ್ಡ್‌ಪ್ಯಾಕ್’ ಎಂಬ ಸಾಧನವು ಕೋಡ್ ಯಾವ ಭಾಷೆಯದೆಂದು ಗುರುತಿಸಿ, ಅಗತ್ಯ ತಂತ್ರಾಂಶಗಳನ್ನು ಜೋಡಿಸುತ್ತದೆ. ಬಳಿಕ ಅಪ್ಲಿಕೇಶನ್ ‘ಡೈನೊ’ ಎಂಬ ಪ್ರತ್ಯೇಕಿತ ಕಂಟೇನರ್‌ನಲ್ಲಿ ಚಾಲನೆಗೊಳ್ಳುತ್ತದೆ. ಬಳಕೆದಾರರು ಹೆಚ್ಚಿದಂತೆ ಡೈನೊಗಳ ಸಂಖ್ಯೆಯನ್ನು ಹೆಚ್ಚಿಸಬಹುದು.

ಡೈನೊದೊಳಗಿನ ಕಡತಗಳು ತಾತ್ಕಾಲಿಕವಾದವು. ಡೈನೊ ಸಾಮಾನ್ಯವಾಗಿ ದಿನಕ್ಕೊಮ್ಮೆಯಾದರೂ ಮರುಚಾಲನೆಗೊಳ್ಳುತ್ತದೆ. ಆಗ ಬಳಕೆದಾರರು ಸೇರಿಸಿದ ಚಿತ್ರಗಳು ಅದರಲ್ಲೇ ಉಳಿದಿದ್ದರೆ ಅಳಿಸಿಹೋಗುತ್ತವೆ. ಆದುದರಿಂದ ಮಾಹಿತಿಯನ್ನು ಡೇಟಾಬೇಸ್‌ನಲ್ಲಿಯೂ ಕಡತಗಳನ್ನು ಪ್ರತ್ಯೇಕ ಸಂಗ್ರಹ ಸೇವೆಯಲ್ಲಿಯೂ ಇರಿಸುವುದು ಅನಿವಾರ್ಯ. ಇಂತಹ ನಿಯಮಗಳನ್ನು ವಿಗಿನ್ಸ್ ‘ಟ್ವೆಲ್ವ್ ಫ್ಯಾಕ್ಟರ್ ಆ್ಯಪ್’ ಎಂಬ ಹನ್ನೆರಡು ಸೂತ್ರಗಳಾಗಿ ನಿರೂಪಿಸಿದರು. ಅವು ಇತರ ವೇದಿಕೆಗಳಿಗೂ ಅನ್ವಯಿಸುತ್ತವೆ.

ಉಚಿತ ಸೇವೆಯ ಮುಕ್ತಾಯ

ಹೆರೋಕುವಿನ ಉಚಿತ ಸೇವೆಯು ವಿದ್ಯಾರ್ಥಿಗಳಲ್ಲಿ ಹಾಗೂ ಹವ್ಯಾಸಿಗಳಲ್ಲಿ ಜನಪ್ರಿಯವಾಗಿತ್ತು. ಉಚಿತ ಅಪ್ಲಿಕೇಶನ್‌ಗಳು 30 ನಿಮಿಷ ಯಾರೂ ಬಳಸದಿದ್ದರೆ ನಿದ್ರಾವಸ್ಥೆಗೆ ಜಾರುತ್ತಿದ್ದವು. ಅನಂತರ ಬಂದ ಮೊದಲ ಬಳಕೆದಾರರು ಕೆಲ ಕ್ಷಣ ಕಾಯಬೇಕಾಗುತ್ತಿತ್ತು. ವಂಚನೆ ಮತ್ತು ದುರ್ಬಳಕೆಯನ್ನು ತಡೆಯುವುದು ಕಷ್ಟವಾಗಿದೆಯೆಂಬ ಕಾರಣ ನೀಡಿ, 2022ರ ಆಗಸ್ಟ್‌ನಲ್ಲಿ ಸಂಸ್ಥೆಯು ಉಚಿತ ಸೇವೆಯನ್ನು ನಿಲ್ಲಿಸುವುದಾಗಿ ಘೋಷಿಸಿತು. ಅದೇ ವರ್ಷದ ನವೆಂಬರ್ 28ರಿಂದ ಉಚಿತ ಡೈನೊಗಳನ್ನೂ ಡೇಟಾಬೇಸ್‌ಗಳನ್ನೂ ಹಿಂತೆಗೆದುಕೊಳ್ಳಲಾಯಿತು. ಬಳಕೆದಾರರು ಹಣ ಪಾವತಿಸಬೇಕಾಯಿತು, ಇಲ್ಲವೇ ತಮ್ಮ ಮಾಹಿತಿಯನ್ನು ಬೇರೆಡೆಗೆ ಸಾಗಿಸಬೇಕಾಯಿತು.

ಆಯ್ಕೆಯಲ್ಲಿ ಪರಿಗಣಿಸುವ ಅಂಶಗಳು

ಇಂತಹ ವೇದಿಕೆಯನ್ನು ಆರಿಸುವಾಗ ಸಾಮಾನ್ಯವಾಗಿ ಈ ಅಂಶಗಳನ್ನು ಪರಿಶೀಲಿಸಲಾಗುತ್ತದೆ:

• ವೆಚ್ಚ: ಡೈನೊ, ಡೇಟಾಬೇಸ್ ಮತ್ತು ಪೂರಕ ಸೇವೆಗಳಿಗೆ ಪ್ರತ್ಯೇಕ ದರಗಳಿರುತ್ತವೆ. ಚಿಕ್ಕ ತಂಡಕ್ಕೆ ಉಳಿಯುವ ನಿರ್ವಹಣೆಯ ಶ್ರಮವು ಈ ವೆಚ್ಚವನ್ನು ಸಮರ್ಥಿಸಬಹುದು. ಅಪ್ಲಿಕೇಶನ್ ಬೆಳೆದಂತೆ ಸ್ವಂತ ನಿರ್ವಹಣೆಯೇ ಅಗ್ಗವಾಗಬಹುದು.

• ಸ್ಥಳ: ಹೆರೋಕುವಿನ ಸಾಮಾನ್ಯ ಸೇವೆಯು ಅಮೆರಿಕ ಮತ್ತು ಯುರೋಪ್ ವಲಯಗಳಿಂದ ದೊರೆಯುತ್ತದೆ. ಮುಂಬಯಿ ವಲಯವು ಖಾಸಗಿ ಸೇವೆಯ ಭಾಗ. ದೂರ ಹೆಚ್ಚಿದಂತೆ ಭಾರತದ ಬಳಕೆದಾರರಿಗೆ ಪ್ರತಿಕ್ರಿಯೆ ತಡವಾಗುತ್ತದೆ.

• ಕಾಲಮಿತಿ: ಒಂದು ಕೋರಿಕೆಗೆ 30 ಸೆಕೆಂಡುಗಳೊಳಗೆ ಉತ್ತರ ಆರಂಭವಾಗದಿದ್ದರೆ ಹೆರೋಕು ಅದನ್ನು ಕೊನೆಗೊಳಿಸುತ್ತದೆ. ದೀರ್ಘ ಕಾರ್ಯಗಳನ್ನು ಹಿನ್ನೆಲೆಯ ಪ್ರತ್ಯೇಕ ಡೈನೊಗೆ ವಹಿಸಬೇಕು.

• ಸ್ಥಳಾಂತರದ ಸಾಧ್ಯತೆ: ಪೋಸ್ಟ್‌ಗ್ರೆಸ್‌ನಂತಹ ಮುಕ್ತ ತಂತ್ರಾಂಶವನ್ನು ಬಳಸಿ, ಮಾಹಿತಿಯ ಪ್ರತಿಯನ್ನು ಬೇರೆಡೆ ಕಾಪಾಡಿಕೊಂಡ ಅಪ್ಲಿಕೇಶನ್ ಅನ್ನು ಮತ್ತೊಂದು ವೇದಿಕೆಗೆ ಒಯ್ಯುವುದು ಸುಲಭ. ಒಂದೇ ವೇದಿಕೆಯ ವಿಶಿಷ್ಟ ಸೌಲಭ್ಯಗಳನ್ನು ಹೆಚ್ಚಾಗಿ ನೆಚ್ಚಿಕೊಂಡಿದ್ದರೆ ಕೋಡಿನ ಭಾಗಗಳನ್ನು ಮತ್ತೆ ಬರೆಯಬೇಕಾಗುತ್ತದೆ.