ಡೇರಿಗೆ ಹಾಲು ಹಾಕುವ ಅಮ್ಮಂದಿರು

ಬೆಂಗಳೂರಿಂದ ಮೈಸೂರಿಗೆ ಹೊರಟರೆ ಮದ್ದೂರಿಗೂ ಮೊದಲೇ ನಿಡಘಟ್ಟ ಸಿಗುತ್ತೆ. ಎಕ್ಸ್‌ಪ್ರೆಸ್‌ವೇ ಕಟ್ಟಿದ್ದೇ ಎರಡು ಭಾಗವಾಗಿ: ನಿಡಘಟ್ಟದವರೆಗೆ ಒಂದು, ಅಲ್ಲಿಂದ ಮೈಸೂರಿಗೆ ಇನ್ನೊಂದು. 2023ರಲ್ಲಿ ಅದು ಉದ್ಘಾಟನೆ ಆದಮೇಲೆ ನಾವೆಲ್ಲ ಈ ಊರನ್ನ ನೋಡದೇ ದಾಟಿಬಿಡ್ತೀವಿ.

ಪುಟ್ಟ ಮಕ್ಕಳಿರೋ ಗೆಳತಿಯರು ಈಗ ಫ್ರಾಂಚೈಸಿ ತಗೊಳ್ಳೋ ಮಾತಾಡ್ತಾರೆ. ಹೆಸರು ಕಂಪನಿಯದು, ಬಂಡವಾಳ ನಮ್ಮದು, ಸಮಯ ನಮ್ಮ ಕೈಲಿ ಅನ್ನೋದು ಆಸೆ. ಈ ಸೀಮೆಯ ಹೆಂಗಸರು ಇಂಥದ್ದೊಂದು ವ್ಯವಸ್ಥೆಯಲ್ಲಿ ದಶಕಗಳಿಂದ ದುಡೀತಿದ್ದಾರೆ. ಅದೇ ಡೇರಿ.

1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕದಲ್ಲಿ ಹೈನು ಯೋಜನೆ ಶುರುವಾಯ್ತು. ಮಾದರಿ ಗುಜರಾತಿನ ಆನಂದ್‌ನದು. 1984ರಲ್ಲಿ ಕೆಎಂಎಫ್ ಬಂತು. ಮಂಡ್ಯ ಜಿಲ್ಲೆಯ ಒಕ್ಕೂಟ ಇರೋದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಊರೂರಿನ ಸಂಘದ ಹಾಲು ಅಲ್ಲಿ ಸೇರಿ ‘ನಂದಿನಿ’ ಅನ್ನೋ ಒಂದೇ ಹೆಸರಲ್ಲಿ ಮಾರಾಟವಾಗುತ್ತೆ. ಎಲ್ಲರಿಗೂ ಒಂದೇ ಗುಣಮಟ್ಟದ ನಿಯಮ. ಇಲ್ಲೀವರೆಗೆ ಫ್ರಾಂಚೈಸಿ ಥರಾನೇ.

ಆದರೆ ಒಡೆತನ ಉಲ್ಟಾ. ಹಾಲು ಹಾಕೋರು ಸಂಘದ ಒಡೆಯರು, ಸಂಘಗಳು ಒಕ್ಕೂಟದ ಒಡೆಯರು. ಫ್ರಾಂಚೈಸಿಯಲ್ಲಿ ರಾಯಲ್ಟಿ ಮೇಲಕ್ಕೆ ಹೋದರೆ, ಇಲ್ಲಿ ಲಾಭ ಬಂದ ವರ್ಷ ಬೋನಸ್ ಕೆಳಕ್ಕೆ ಬರುತ್ತೆ.

ಒಂದು ತೊಡಕಿತ್ತು. ಸಗಣಿ ಬಾಚೋದು, ಮೇವು ಹಾಕೋದು, ಹಾಲು ಕರೆಯೋದು ಹೆಚ್ಚಾಗಿ ಹೆಂಗಸರು. ಸಂಘದ ಪುಸ್ತಕದಲ್ಲಿ ಮಾತ್ರ ಎಷ್ಟೋ ಕಡೆ ಗಂಡನ ಹೆಸರು, ಬಟವಾಡೆಯೂ ಅವನ ಕೈಗೆ. 1986–87ರಲ್ಲಿ ಕೇಂದ್ರ ಸರ್ಕಾರ ಮಹಿಳೆಯರ ತರಬೇತಿ ಮತ್ತು ಉದ್ಯೋಗಕ್ಕಾಗಿ ‘ಸ್ಟೆಪ್’ ಯೋಜನೆ ತಂದಿತು. ಅದರ ಬೆಂಬಲದಿಂದ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಬೆಳೆದವು. ಅಲ್ಲಿ ಸದಸ್ಯರೂ ಹೆಂಗಸರೇ, ಅಧ್ಯಕ್ಷರೂ ಹೆಂಗಸರೇ.

ಹಾಗಂತ ಇದು ಆರಾಮದ ಕೆಲಸ ಅಂದ್ಕೋಬೇಡಿ. ಹಸುವಿಗೆ ಭಾನುವಾರ ಇಲ್ಲ. ಮಗುಗೆ ಜ್ವರ ಬಂದರೂ ಎರಡು ಹೊತ್ತು ಕರೀಲೇಬೇಕು. ಮನೆ ಹತ್ತಿರದ ಕೆಲಸ ಅನ್ನೋದು ನಿಜ, ಬಿಡುವಿನ ಕೆಲಸ ಅನ್ನೋದು ಸುಳ್ಳು. ಅಂಗಡಿ ಬಾಗಿಲು ತೆಗೆಯೋ ಫ್ರಾಂಚೈಸಿಗೂ ಈ ಮಾತು ಸಲ್ಲುತ್ತೆ.

ಅದಕ್ಕೇ ಫ್ರಾಂಚೈಸಿ ಪತ್ರಕ್ಕೆ ಸಹಿ ಹಾಕೋ ಮೊದಲು ಮೂರು ವಿಷಯ ಕೇಳಿಕೊಳ್ಳಿ: ಪತ್ರ ಯಾರ ಹೆಸರಲ್ಲಿದೆ? ದುಡ್ಡು ಯಾರ ಖಾತೆಗೆ ಬರುತ್ತೆ? ನಿಯಮ ಬದಲಾಯಿಸುವಾಗ ನಿಮ್ಮನ್ನ ಕೇಳ್ತಾರಾ? ಮಹಿಳಾ ಡೇರಿಯ ಸದಸ್ಯೆಗೆ ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳೋ ಹಕ್ಕಿದೆ.